ಕೋಣೆಗೊಂದು ಅಂಚು

ಬಾಣಲಿಗೆ ಮೊದಲು ನೀರು, ಆಮೇಲೆ ಪುಡಿ. ಕ್ರಮ ತಪ್ಪಿದರೆ ಪ್ಲಾಸ್ಟರ್ ಆಫ್ ಪ್ಯಾರಿಸ್, ಅಂದರೆ ಪಿಒಪಿ, ಗಂಟು ಕಟ್ಟುತ್ತದೆ. ನಮ್ಮ ಮನೆಯ ಹಾಲ್‌ಗೆ ಕಾರ್ನಿಸ್ ಎಳೆಯಲು ಬಂದಿದ್ದ ಬಿಹಾರದ ಹುಡುಗ ಮುಷ್ಟಿಯಲ್ಲಿ ಬಿಳಿ ಪುಡಿ ಹಿಡಿದು, ರಂಗೋಲಿ ಬಿಡುವವರ ಹಾಗೆ ನೀರಿನ ಮೇಲೆಲ್ಲ ಉದುರಿಸಿದ. ಪುಡಿ ನೀರು ಕುಡಿದು ತಾನಾಗಿ ಮುಳುಗುವವರೆಗೆ ಸುಮ್ಮನಿದ್ದು, ಆಮೇಲೆ ಕೈಯಾಡಿಸಿದ. ಅಲ್ಲಿಂದಾಚೆ ಅವನ ಕೈಯಲ್ಲಿರುವುದು ಹತ್ತು ಹದಿನೈದು ನಿಮಿಷ. ದೋಸೆಹಿಟ್ಟಿನ ಹದ ದಾಟಿ ಬೆಣ್ಣೆಯ ಹದಕ್ಕೆ ಬಂದದ್ದೇ ತಡ, ಕರಣೆಯಲ್ಲಿ ಎತ್ತಿ ಗೋಡೆಯೂ ತಾರಸಿಯೂ ಕೂಡುವ ಮೂಲೆಗೆ ಬಳಿದ. ಜೊತೆಗಾರ ತಗಡಿನಲ್ಲಿ ಕತ್ತರಿಸಿದ ಅಚ್ಚನ್ನು, ಅವರ ಬಾಯಲ್ಲಿ ಅದು ‘ಫರ್ಮಾ’, ಗೋಡೆಗೆ ಬಡಿದ ಪಟ್ಟಿಯ ಮೇಲೆ ಕೂರಿಸಿ ಒಂದೇ ಸಮನೆ ಎಳೆದ. ಮೊದಲ ಎಳೆತಕ್ಕೆ ಬರೀ ಕೆಸರು. ನಾಲ್ಕನೆಯದಕ್ಕೆ ಎರಡು ಗೆರೆ, ಒಂದು ಬಾಗು ಮೂಡಿದವು. ಆರನೆಯದಕ್ಕೆ, ಯಾರೋ ಚೂರಿಯಲ್ಲಿ ಕೊರೆದಂಥ ಅಂಚು.

ಇಂಗ್ಲಿಷರು ಇದರಲ್ಲಿ ಎರಡು ಬಗೆ ಹೇಳುತ್ತಾರೆ. ಒಳಬಾಗಿನ ಸರಳ ಪಟ್ಟಿ ಕೋವಿಂಗ್. ಹೂಬಳ್ಳಿ, ಹಲ್ಲುಸಾಲು, ಮಡಿಕೆಗಳಿರುವುದು ಕಾರ್ನಿಸ್. ನಮ್ಮ ಮೇಸ್ತ್ರಿಗಳಿಗೆ ಎರಡೂ ಕಾರ್ನಿಸ್ಸೇ. ತಲೆಯ ಮೇಲಿನ ಅಲಂಕಾರ ನಮಗೆ ಹೊಸದಲ್ಲ. ಬೇಲೂರು, ಹಳೇಬೀಡಿಗೆ ಹೋದವರು ಕತ್ತೆತ್ತಿ ಛಾವಣಿಯ ಭುವನೇಶ್ವರಿಯನ್ನು ನೋಡದೆ ಬರುವುದುಂಟೆ? ಮನೆಗಳಿಗೆ ಮಾತ್ರ ಅದು ಬೇಕಿರಲಿಲ್ಲ. ತೊಲೆ, ಜಂತೆಗಳ ಮಾಳಿಗೆಯಲ್ಲಿ ಗೋಡೆ ಮುಗಿಯುವ ಜಾಗ ನೆರಳಲ್ಲೇ ಇರುತ್ತಿತ್ತು. ಆರ್‌ಸಿಸಿ ತಾರಸಿ ಬಂದು, ಅದಕ್ಕೆ ಗೋಡೆಯದೇ ಬಿಳಿ ಬಣ್ಣ ಬಳಿದು, ಟ್ಯೂಬ್‌ಲೈಟು ಹಾಕಿದ ಮೇಲೆ ಮೂಲೆಯ ಗುಟ್ಟು ಬಯಲಾಯಿತು.

ಗುಟ್ಟೆಂದರೆ ಬಿರುಕು. ಮೇಲಂತಸ್ತಿನ ಮನೆಯಾದರೆ ಹಗಲೆಲ್ಲ ಬಿಸಿಲಿಗೆ ಕಾದ ಕಾಂಕ್ರೀಟು ಹಿಗ್ಗುತ್ತದೆ, ರಾತ್ರಿ ಕುಗ್ಗುತ್ತದೆ. ಕೆಳಗಿನ ಇಟ್ಟಿಗೆ ಗೋಡೆ ಅದರ ತಾಳಕ್ಕೆ ಕುಣಿಯುವುದಿಲ್ಲ. ಎರಡೂ ಸೇರುವಲ್ಲಿ ಕೂದಲೆಳೆಯ ಗೆರೆ ಬಿಡುತ್ತದೆ. ಪುಟ್ಟಿ ಮೆತ್ತಿ ಬಣ್ಣ ಹೊಡೆಸಿ, ಮುಂದಿನ ಬೇಸಿಗೆಗೆ ನೋಡಿ, ಅಲ್ಲೇ ಇರುತ್ತದೆ. ಕಾರ್ನಿಸ್‌ನ ಮೊದಲ ಕೆಲಸ ಅದನ್ನು ಮರೆಮಾಡುವುದು, ಚೆಂದ ಆಮೇಲಿನದು. ಅಂಗಡಿಯವರು ಇದನ್ನು ತಲೆಕೆಳಗು ಮಾಡಿ ಹೇಳುತ್ತಾರೆ.

ಈ ಕೆಲಸಕ್ಕೆ ಪಿಒಪಿಯಷ್ಟು ಒಗ್ಗುವ ಸಾಮಾನು ಇನ್ನೊಂದಿಲ್ಲ. ಜಿಪ್ಸಂ ಕಲ್ಲನ್ನು ಸುಮಾರು 150 ಡಿಗ್ರಿ ಸೆಲ್ಸಿಯಸ್ ಕಾವಿನಲ್ಲಿ ಬೇಯಿಸಿದರೆ ತನ್ನೊಳಗಿನ ನೀರಿನಲ್ಲಿ ಮುಕ್ಕಾಲು ಪಾಲು ಬಿಟ್ಟುಕೊಟ್ಟು ಪುಡಿಯಾಗುತ್ತದೆ. ಮತ್ತೆ ನೀರು ಕೊಟ್ಟರೆ ಬಿಸಿಯಾಗಿ, ಹಳೆಯ ಕಲ್ಲೇ ಆಗಿ ಗಟ್ಟಿಯಾಗುತ್ತದೆ. ಪ್ಯಾರಿಸ್ಸಿನ ಮೊಂಮಾರ್ತ್ರ್ ಗುಡ್ಡದಲ್ಲಿ ಹಿಂದೆ ಜಿಪ್ಸಂ ಗಣಿಗಳಿದ್ದವು, ‘ಪ್ಯಾರಿಸ್’ ಎಂಬ ಹೆಸರು ಅಲ್ಲಿಂದ ಬಂತು. ನಮ್ಮ ದೇಶದ ಜಿಪ್ಸಂ ಹೆಚ್ಚಿನ ಪಾಲು ರಾಜಸ್ಥಾನದ್ದು. ಸಿಮೆಂಟು ಗಟ್ಟಿಯಾಗುವಾಗ ಕುಗ್ಗುತ್ತದೆ, ಪಿಒಪಿ ಕೂದಲಷ್ಟು ಹಿಗ್ಗುತ್ತದೆ. ಮೂಲೆಯ ಸಂದುಗೊಂದಿಗೆ ಅದು ತಾನೇ ಒತ್ತಿಕೊಂಡು ಕೂರುವುದು ಇದರಿಂದ. ಹುಡುಗ ಪ್ರತಿ ಸಲ ಬಾಣಲಿಯನ್ನು ತಿಕ್ಕಿ ತೊಳೆಯುತ್ತಿದ್ದ. ಹಳೆಯ ಚೂರು ಉಳಿದರೆ ಹೊಸ ಕಲಸು ಬೇಗ ಹೆಪ್ಪುಗಟ್ಟುತ್ತದಂತೆ. ಹಾಲಿಗೆ ಹೆಪ್ಪು ಹಾಕಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಆದರೆ ನಿಜವಾದ ಪೇಚು ಶುರುವಾದದ್ದು ಮೇಸ್ತ್ರಿ ನೀರು ತುಂಬಿದ ಟ್ಯೂಬ್ ಹಿಡಿದು ಮಟ್ಟ ನೋಡಿದಾಗ. ಹನ್ನೆರಡು ಅಡಿ ಗೋಡೆಯ ಉದ್ದಕ್ಕೆ ನಮ್ಮ ತಾರಸಿ ಮುಕ್ಕಾಲು ಇಂಚು ಇಳಿದಿತ್ತು. ತಾರಸಿ ಹಾಕುವಾಗ ಸೆಂಟ್ರಿಂಗ್ ತಗಡು ಎಲ್ಲೋ ಜಗ್ಗಿದೆ. ಇದು ನಮ್ಮೊಬ್ಬರ ಮನೆಯ ಕತೆಯಲ್ಲ. “ಸಾರ್, ಮಟ್ಟಕ್ಕೆ ಸರಿ ಮಾಡಿದ್ರೆ ಕಣ್ಣಿಗೆ ಸೊಟ್ಟ, ಕಣ್ಣಿಗೆ ಸರಿ ಮಾಡಿದ್ರೆ ಮಟ್ಟಕ್ಕೆ ಸೊಟ್ಟ. ಯಾವ್ದು ಬೇಕು ಹೇಳಿ” ಎಂದರು ಮೇಸ್ತ್ರಿ. ನಾನು ಮಟ್ಟ ಎಂದೆ, ಓದಿದವರ ಉತ್ತರ. ಅವರು ನಕ್ಕು, ಎರಡರ ನಡುವೆ ದಾರ ಕಟ್ಟಿದರು. ಕಾರ್ನಿಸ್‌ನ ಕೆಳಗೆರೆ ಆ ದಾರಕ್ಕೆ. ಮೇಲಿನ ಅಂಚಿನಲ್ಲಿ ಉಳಿದ ಏರಿಳಿತವನ್ನು ಪಿಒಪಿಯಲ್ಲೇ ದಪ್ಪ ತೆಳು ಮಾಡಿ ತಾರಸಿಯ ಮೇಲೆ ಒಂದಡಿ ದೂರ ಸವರಿ ಮುಗಿಸಿದರು. ಈಗ ಎಲ್ಲಿ ಇಳಿದಿದೆ ಎಂದು ನನಗೇ ಗೊತ್ತಾಗುವುದಿಲ್ಲ.

ಇದಕ್ಕೇ ಹೇಳುವುದು, ರೆಡಿಮೇಡ್ ಪಟ್ಟಿ ತರುವ ಮುಂಚೆ ತಾರಸಿಗೆ ದಾರ ಹಿಡಿದು ನೋಡಿ ಎಂದು. ಪಾಲಿಯುರೆಥೇನ್ ಪಟ್ಟಿ ಹಗುರ, ತೇವಕ್ಕೆ ಜಗ್ಗದು, ಮನೆ ತುಂಬ ಧೂಳೆಬ್ಬಿಸುವುದಿಲ್ಲ, ಕೈ ಕೆಲಸ ಗೊತ್ತಿದ್ದವರು ತಾವೇ ಅಂಟಿಸಬಹುದು. ಏರಿಳಿತವಿರುವ ತಾರಸಿಗೆ ಮಾತ್ರ ಅದು ಸುಲಭಕ್ಕೆ ಬಗ್ಗುವುದಿಲ್ಲ, ಸಂದು ಬಿಡುತ್ತದೆ. ಥರ್ಮಾಕೋಲ್ ಪಟ್ಟಿ ಎಲ್ಲಕ್ಕಿಂತ ಅಗ್ಗ. ಬೆಂಕಿ ಬೇಗ ಹಿಡಿಯುತ್ತದೆ, ಥಿನ್ನರ್ ಬೆರೆತ ಬಣ್ಣ ತಾಗಿದರೆ ಕರಗುತ್ತದೆ. ನನ್ನ ಮತ ಕೇಳಿದರೆ ಬೇಡ.

ಅಗಲದ ವಿಷಯದಲ್ಲಿ ಸೀರೆಯಂಗಡಿಯ ಜಾಣತನ ಸಾಕು. ದೊಡ್ಡಂಚು ಎತ್ತರಕ್ಕೆ ಒಪ್ಪುತ್ತದೆ. ಒಂಬತ್ತು ಹತ್ತು ಅಡಿ ಎತ್ತರದ ಕೋಣೆಗೆ ಮೂರರಿಂದ ನಾಲ್ಕು ಇಂಚು ಧಾರಾಳವಾಯಿತು. ಮದುವೆ ಮಂಟಪದಲ್ಲಿ ಕಂಡ ಆರಿಂಚಿನ ಹೂಬಳ್ಳಿಯನ್ನು ಹತ್ತಕ್ಕೆ ಹತ್ತರ ಮಲಗುವ ಕೋಣೆಗೆ ತಂದರೆ ತಾರಸಿ ತಲೆಯ ಮೇಲೆ ಕೂತ ಹಾಗಾಗುತ್ತದೆ. ಅನುಮಾನವಿದ್ದರೆ ರಟ್ಟಿನಲ್ಲಿ ಅಷ್ಟೇ ಅಗಲದ ತುಂಡು ಕತ್ತರಿಸಿ ಟೇಪಿನಲ್ಲಿ ಅಂಟಿಸಿ, ಎರಡು ದಿನ ನೋಡಿ. ಅಟ್ಟ, ವಾರ್ಡ್‌ರೋಬ್, ಪರದೆಯ ಪೆಲ್ಮೆಟ್ ಎಲ್ಲಿ ಅಡ್ಡ ಬರುತ್ತವೆ ಎಂಬುದೂ ಆಗಲೇ ತಿಳಿಯುತ್ತದೆ.

ಲೆಕ್ಕ ಸುಲಭ. ಹನ್ನೆರಡಕ್ಕೆ ಹತ್ತು ಅಡಿ ಕೋಣೆಯ ಸುತ್ತಳತೆ 44 ಅಡಿ. ಬಾಗಿಲು ಕಿಟಕಿ ಕಳೆಯುವಂತಿಲ್ಲ, ಪಟ್ಟಿ ಅವುಗಳ ಮೇಲೇ ಹೋಗುತ್ತದೆ. ಎಂಟಡಿಯ ಪಟ್ಟಿಗಳಾದರೆ ಆರು ಬೇಕು, ಏಳು ತನ್ನಿ. ಏಳನೆಯದು ನಿಮ್ಮ ತಪ್ಪಿಗೆ. ಮಲಗುವ ಕೋಣೆಗೆ ನಾನೇ ಅಂಟಿಸಲು ಹೊರಟು ಮೊದಲ ಪಟ್ಟಿಯನ್ನೇ ಎಡಬಲ ತಿರುಗುಮುರುಗು ಕತ್ತರಿಸಿದೆ. ಓರೆಯಾಗಿ ಕತ್ತರಿಸಲು ಬಳಸುವ ಮೈಟರ್ ಬಾಕ್ಸಿನಲ್ಲಿ ಪಟ್ಟಿ ತಲೆಕೆಳಗಾಗಿ ಕೂರಬೇಕು: ತಾರಸಿಗೆ ತಾಗುವ ಅಂಚು ತಳಕ್ಕೆ, ಗೋಡೆಗೆ ತಾಗುವುದು ಪಕ್ಕದ ಹಲಗೆಗೆ. ಮೂಲೆಯ ತುಂಡಿಗೆ 45 ಡಿಗ್ರಿ ಎಂಬುದೂ ಪುಸ್ತಕದ ಮಾತು. ಮೂಲೆ 92 ಇದ್ದರೆ ಒಂದೊಂದು ತುಂಡಿಗೆ 46. ಮೊದಲು ಎರಡು ಚೂರು ಕತ್ತರಿಸಿ ಮೂಲೆಗೆ ಹಿಡಿದು ನೋಡಿ, ಆಮೇಲೆ ಉದ್ದದ ಪಟ್ಟಿಗೆ ಗರಗಸ ಹಾಕಿ.

ಪಿಒಪಿಯಾಗಲಿ ಪಟ್ಟಿಯಾಗಲಿ, ಹಳೆಯ ಡಿಸ್ಟೆಂಪರ್ ಮೇಲೆ ನಿಲ್ಲದು. ಕಾರ್ನಿಸ್ ಕೂರುವಷ್ಟು ಅಗಲ ಬಣ್ಣ ಕೆರೆಸಿ, ಪಿಒಪಿಯಾದರೆ ಗೋಡೆಗೆ ಕಚ್ಚು ಹಾಕಿಸಿ ನೀರು ಚಿಮುಕಿಸಿ. ತಾರಸಿ ಸೋರುತ್ತಿದ್ದರೆ ಈ ಕೆಲಸವನ್ನೇ ಮುಂದೂಡಿ. ಮೊದಲ ಮಳೆಗೆ ಹಳದಿ ಕಲೆ, ಎರಡನೆಯದಕ್ಕೆ ತುಂಡು ಕೆಳಗೆ. ಒಂದೇ ದಿನಕ್ಕೆ ಒಣಗಿದಂತೆ ಕಂಡರೂ ಪಿಒಪಿಯ ಒಡಲಲ್ಲಿ ನೀರಿರುತ್ತದೆ. ಎರಡು ವಾರ ಬಿಟ್ಟು ಪ್ರೈಮರ್ ಹೊಡೆಸಿ. ಪೇಂಟರ್ ಅವಸರ ಮಾಡುತ್ತಾರೆ, ಮಣಿಯಬೇಡಿ.

ಕೂಲಿ ರನ್ನಿಂಗ್ ಫೂಟ್ ಲೆಕ್ಕ. ಕೊನೆಯ ಕಂತು ಕೊಡುವ ಮುಂಚೆ ಒಂದು ರಾತ್ರಿ ದೀಪವೆಲ್ಲ ಆರಿಸಿ, ಏಣಿ ಹತ್ತಿ, ಟಾರ್ಚನ್ನು ಗೋಡೆಗೆ ಒರಗಿಸಿ ಕಾರ್ನಿಸ್‌ನ ಉದ್ದಕ್ಕೆ ಬೆಳಕು ಬಿಡಿ. ಹಗಲಲ್ಲಿ ಕಾಣದ ಅಲೆ, ಗುಂಡಿ, ಜೋಡಿನ ಗೆರೆ ಎಲ್ಲ ಎದ್ದು ಕಾಣುತ್ತವೆ. ಪೆನ್ಸಿಲ್ಲಿನಲ್ಲಿ ಗುರುತು ಹಾಕಿಡಿ.