ಹೊಗೆಯನ್ನು ಹೂಳಿದರೆ ನೆಲ ನಡುಗುವದೇ?

ರೈತ ಬಾಂಧವರೇ,

2021ರ ಸಪ್ಟೆಂಬರದಿಂದ ಬಸವನ ಬಾಗೇವಾಡಿ, ಮನಗೂಳಿ ಕಡೆ ನೆಲ ಹಲವು ಸಲ ಸಣ್ಣಗೆ ನಡುಗಿದ್ದು ನಿಮಗೆ ನೆನಪಿರಬಹುದು. ಈಗ ಕಟ್ಟೆಯ ಮೇಲೆ ಹಿರಿಯರು ಕೇಳುತ್ತಾರೆ: "ತಮ್ಮಾ, ಕಾರಖಾನಿ ಹೊಗಿ ನೆಲದಾಗ ಹೂಳತಾರಂತ. ಹಂಗ ಮಾಡಿದ್ರ ನೆಲ ಇನ್ನಷ್ಟು ನಡಗೂದಿಲ್ಲೇನು?"

ಪ್ರಶ್ನೆ ಯೋಗ್ಯವಾದದ್ದು. ನಮ್ಮಲ್ಲಿ ಇಂಥ ಕೆಲಸ ನಡೆದಿಲ್ಲ. ಆ ನಡುಕ ಇದರಿಂದ ಬಂದದ್ದಲ್ಲ. ಕೂಡಗಿಯಲ್ಲಿ ಕಲ್ಲಿದ್ದಲು ಉರಿಸಿದಾಗ ಹುಟ್ಟುವ ಇಂಗಾಲಾಮ್ಲ ವಾಯು ಚಿಮಣಿಯಿಂದ ಆಕಾಶಕ್ಕೇ ಹೋಗುವದು. ಸೋಡಾದಲ್ಲಿ ಗುಳ್ಳೆ ಏಳಿಸುವದೂ ಇದೇ ವಾಯು. ಇದು ಹೆಚ್ಚಿದಷ್ಟೂ ಭೂಮಿಯ ಕಾವು ಏರುವದು.

ಐಸ್‌ಲ್ಯಾಂಡ್ ದೇಶದಲ್ಲಿ 2012ರಲ್ಲಿ ಈ ವಾಯುವನ್ನು ನೀರಿನಲ್ಲಿ ಕರಗಿಸಿ, ಕೊಳವೆಯಿಂದ ಕರಿಕಲ್ಲಿನ ಆಳಕ್ಕೆ ಇಳಿಸಿದರು. ಎರಡು ವರ್ಷದೊಳಗೆ ನೂರಕ್ಕೆ 95 ಪಾಲು ವಾಯು ಸುಣ್ಣದ ಕಲ್ಲಿನಂತೆ ಗಟ್ಟಿಯಾಯಿತು. ಇಂಡಿ, ಸಿಂದಗಿ, ಬಾಗೇವಾಡಿಯ ಎರೆಹೊಲಗಳ ಕೆಳಗಿರುವ ಕರಿಕಲ್ಲೂ ಅದೇ ಜಾತಿಯದು. ಮುದ್ದೇಬಿಹಾಳ ಕಡೆ ಅದು ಮುಗಿದು ಬೇರೆ ಕಲ್ಲು ಸಿಗುವದು.

ಹಾಗಾದರೆ ಅಪಾಯವೆಲ್ಲಿ? ವಾಯುವಿನಲ್ಲಿ ಅಲ್ಲ, ಒತ್ತಡದಲ್ಲಿ. ನೆಲದಾಳದ ಬಿರುಕಿನಲ್ಲಿ ಎರಡು ಬಂಡೆಗಳು ಬಿಗಿಯಾಗಿ ಒತ್ತಿ ನಿಂತಿರುವವು. ನಡುವೆ ನೀರು ನುಗ್ಗಿಸಿದರೆ ಆ ಬಿಗಿ ಸಡಿಲಾಗುವದು. ಮೊದಲೇ ಜಗ್ಗಾಟದಲ್ಲಿದ್ದ ಬಂಡೆ ಜಾರುವದು, ಅದೇ ಭೂಕಂಪ. ಐಸ್‌ಲ್ಯಾಂಡಿನಲ್ಲಿಯೇ 2011ರಲ್ಲಿ ಬಿಸಿನೀರಿನ ವಿದ್ಯುತ್ ಕೇಂದ್ರದ ಬಳಸಿದ ನೀರನ್ನು ನೆಲಕ್ಕೆ ಮರಳಿ ತುಂಬುವಾಗ ಹೀಗೆ ನೆಲ ನಡುಗಿತು. ನಮ್ಮ ಕೃಷ್ಣೆಯನ್ನು ಸೇರುವ ಕೊಯ್ನಾ ನದಿಗೆ ಕಟ್ಟಿದ ಆಣೆಕಟ್ಟಿನ ಬಳಿ 1967ರ ಡಿಸೆಂಬರ 11ರಂದು 6.3 ಪ್ರಮಾಣದ ಭೂಕಂಪವಾಯಿತು. ಜಲಾಶಯದ ನೀರು ಅದಕ್ಕೆ ಕಾರಣವೆಂದು ವಿಜ್ಞಾನಿಗಳು ಹೇಳುತ್ತಾರೆ. ಅಲ್ಲಿಯೂ ಇದೇ ಕರಿಕಲ್ಲು.

ಆದ್ದರಿಂದ ಅಂಜಬೇಕಿಲ್ಲ, ಸುಮ್ಮನೆ ಒಪ್ಪಲೂಬಾರದು. ನಾಳೆ ಇಂಥ ಯೋಜನೆ ಬಂದರೆ ಗ್ರಾಮಸಭೆಯಲ್ಲಿ ಮೂರು ಪ್ರಶ್ನೆ ಕೇಳಿರಿ:

1. ಆಳದ ಬಿರುಕುಗಳನ್ನು ಮೊದಲು ಪರೀಕ್ಷಿಸಿದ್ದೀರಾ?

2. ನಡುಕ ಅಳೆಯುವ ಯಂತ್ರಗಳನ್ನು ಸುತ್ತಲೂ ಇಡುವಿರಾ? ನಡುಕ ಹೆಚ್ಚಿದರೆ ಕೆಲಸ ನಿಲ್ಲಿಸುವವರು ಯಾರು?

3. ಐಸ್‌ಲ್ಯಾಂಡಿನ ರೀತಿಯಲ್ಲಿ ಒಂದು ಟನ್ ವಾಯುವಿಗೆ ಸುಮಾರು 25 ಟನ್ ನೀರು ಬೇಕು. ನಮ್ಮ ಬರದ ನಾಡಿನಲ್ಲಿ ಆ ನೀರು ಎಲ್ಲಿಯದು?

ಒಂದು ಬೋರು ಹಾಕಿಸುವ ಮುಂಚೆ ನಾವು ನಾಲ್ಕು ಮಂದಿಯನ್ನು ಕೇಳುತ್ತೇವೆ. ಇದಕ್ಕೂ ಅದೇ ನ್ಯಾಯ.

ನಿಮ್ಮ ಗ್ರಾಮಸೇವಕ