ಹುಣಸೆ ತೋಪಿನಲ್ಲಿ ಅಪ್ಪನ ನಡಿಗೆ

ಶಿವಮೊಗ್ಗದ ರಾಗಿಗುಡ್ಡದಲ್ಲಿ ನಮ್ಮ ಮನೆ. ಮನೆ ಮುಂದಿನ ಏರುರಸ್ತೆಯನ್ನು ಅಪ್ಪ ದಿನಕ್ಕೆ ನಾಲ್ಕು ಸಲ ಹತ್ತಿಳಿಯುತ್ತಿದ್ದರು. ಎರಡು ವರ್ಷದ ಹಿಂದೆ ಬೈಕಿನಿಂದ ಬಿದ್ದು ಕಾಲು ಮುರಿಯಿತು. ಮೂಳೆ ಕೂಡಿತು, ಧೈರ್ಯ ಕೂಡಲಿಲ್ಲ. ಕೋಲು ಹಿಡಿದು ಬಾಗಿಲವರೆಗೆ ಬಂದರೆ ಅದೇ ದೊಡ್ಡದು. ಕರೆದರೆ, "ವಯಸ್ಸಾಯ್ತು ಕಣೇ, ಇನ್ನು ಇಷ್ಟೇ" ಎನ್ನುವರು.

ನನಗೆ ದೇವನಹಳ್ಳಿಯಲ್ಲಿ ಕೆಲಸ. ಕಳೆದ ಫೆಬ್ರುವರಿಯಲ್ಲಿ ಅಪ್ಪ, ಅಮ್ಮ ಬಂದಿದ್ದಾಗ ಒಂದು ಭಾನುವಾರ ಆಟೊ ಮಾಡಿಕೊಂಡು ನಲ್ಲೂರಿನ ಹುಣಸೆ ತೋಪಿಗೆ ಹೋದೆವು. ಗುಡ್ಡ ಹತ್ತುವ ಕಷ್ಟವಿಲ್ಲ, ಸಮತಟ್ಟು ನೆಲ. ಆದರೂ ಅಪ್ಪ, "ನೀವು ನೋಡ್ಕೊಂಡು ಬನ್ನಿ, ನಾನು ಆಟೊದಲ್ಲೇ ಕೂತಿರ್ತೀನಿ" ಎಂದರು. "ಮೊದಲನೇ ಮರದವರೆಗೆ ಬಾ ಅಪ್ಪಾ, ಸಾಕು" ಎಂದೆ.

ಸುಮಾರು 54 ಎಕರೆಯ ತೋಪು, ಹತ್ತಿರ ಹತ್ತಿರ 300 ಮರ. 2007ರಲ್ಲಿ ಇದು ದೇಶದ ಮೊದಲ ಜೀವವೈವಿಧ್ಯ ಪಾರಂಪರಿಕ ತಾಣವಾಯಿತು. ಇಲ್ಲಿನ ಹಳೆಯ ಮರಕ್ಕೆ 400 ವರ್ಷ ದಾಟಿದೆ. ಚೋಳರ ಕಾಲದ ತೋಪು ಎಂಬ ಮಾತೂ ಊರಲ್ಲಿದೆ. ಒಂದೊಂದು ಬೊಡ್ಡೆಯೂ ಹಗ್ಗ ಹೊಸೆದಂತೆ ತಿರುಚಿಕೊಂಡಿದೆ. ಇಲ್ಲಿ ಯಾರೂ ಸಸಿ ನೆಡಬೇಕಾಗಿಲ್ಲ. ಬಿದ್ದ ಬೀಜ ಮೊಳೆಯುತ್ತದೆ, ಬೇರು ಚಿಗುರುತ್ತದೆ, ಮುದಿ ಕೊಂಬೆಯೂ ಮತ್ತೆ ಬೆಳೆಯುತ್ತದೆ.

ಅಪ್ಪ ಮೊದಲನೇ ಮರ ಮುಟ್ಟಿದರು. ಪಕ್ಕದ ಮರ ಇನ್ನೂ ದಪ್ಪ ಕಂಡಿತು, ಅಲ್ಲಿಗೆ ನಡೆದರು. ಆಮೇಲೆ ಮತ್ತೊಂದು. ನೆಲಕ್ಕೊರಗಿದ ಒಂದು ಬೊಡ್ಡೆಯ ಮೇಲೆ ಹಸಿರು ಚಿಗುರು ಕಂಡು ಅಲ್ಲೇ ನಿಂತರು. ಕೋಲನ್ನು ನನ್ನ ಕೈಗೆ ಕೊಟ್ಟು, ಎರಡೂ ಕೈಯಲ್ಲಿ ಬೊಡ್ಡೆ ತಡವಿದರು. ಉದುರಿದ್ದ ಒಂದು ಹಣ್ಣು ಒಡೆದು ಬಾಯಿಗೆ ಹಾಕಿಕೊಂಡು ಕಣ್ಣು ಕಿರಿದು ಮಾಡಿದರು.

"ಹುಣಸೆ ಮುಪ್ಪಾದ್ರೂ ಹುಳಿ ಮುಪ್ಪೇ?" ಎಂದು ಅಮ್ಮ ನಕ್ಕರು.

"ನನಗೆ ಹೇಳ್ತಿದೀಯಾ, ಮರಕ್ಕೆ ಹೇಳ್ತಿದೀಯಾ?" ಎಂದರು ಅಪ್ಪ. ಎರಡು ವರ್ಷದ ನಂತರ ಅವರು ಹಾಗೆ ತಮಾಷೆ ಮಾಡಿದ್ದು.

ವಾಪಸು ಬರುವಾಗ ಗಡಿಯಾರ ನೋಡಿದೆ, ಮುಕ್ಕಾಲು ಗಂಟೆ ನಡೆದಿದ್ದೆವು. ಸಾಕಷ್ಟು ಕಡೆ ನಿಂತು, ಕೂತು ಸುಧಾರಿಸಿಕೊಂಡಿದ್ದೂ ಅದರಲ್ಲಿ ಸೇರಿತ್ತು. ಕೋಲು ನನ್ನ ಕೈಯಲ್ಲೇ ಉಳಿದಿರಲಿಲ್ಲ, ಅಪ್ಪ ಆಗಲೇ ಇಸಿದುಕೊಂಡಿದ್ದರು. ಕಾಲು ವಾಸಿಯಾಗಿಬಿಟ್ಟಿತು ಎಂದರೆ ಸುಳ್ಳಾದೀತು.

ಊರಿಗೆ ಹೋದ ವಾರಕ್ಕೆ ಅಮ್ಮ ಫೋನ್ ಮಾಡಿದರು: "ನಿಮ್ಮಪ್ಪ ಒಬ್ಬರೇ ಇಳಿದು ಹೋಗಿ ಅಂಗಡಿಯಿಂದ ಕಾಲು ಕೆ.ಜಿ. ಹುಣಸೆಹಣ್ಣು ತಂದಿದಾರೆ. ಮನೇಲಿ ಇತ್ತು ಕಣೇ. ನಾನು ಹೇಳೋಕೆ ಹೋಗಲಿಲ್ಲ."