ಒಂದು ಪ್ರವಾಹ, ಎರಡು ಪಾಲು

ಗೋಕಾಕ ಫಾಲ್ಸಿನಲ್ಲಿ ಸುಮಾರು 170 ಅಡಿಗಳ ಎತ್ತರದಿಂದ ಧುಮುಕುವ ಘಟಪ್ರಭೆಯನ್ನು ವಾಚಕರಲ್ಲಿ ಅನೇಕರು ಕಂಡಿರಬಹುದು. ಅದಕ್ಕೂ ಮೇಲೆ, ಧೂಪದಾಳದ ಒಡ್ಡಿನಲ್ಲಿ, ನದಿಯ ಒಂದು ಪಾಲು ಕಾಲುವೆಗೆ ತಿರುಗಿ ಹೊಲಗಳಿಗೆ ಹೋಗುತ್ತದೆ. ಕಾಲುವೆಗೆ ಸಂದ ನೀರು ಜಲಪಾತಕ್ಕೆ ದೊರೆಯದು. ಸ್ಮಾರ್ಟ್‌ಫೋನಿನ ಅಂತರ್ಜಾಲವನ್ನು ಲ್ಯಾಪ್‌ಟಾಪಿಗೆ ಹಂಚುವ ‘ಹಾಟ್‌ಸ್ಪಾಟ್’ ಎಂಬ ಏರ್ಪಾಡಿನ ಮರ್ಮವೂ ಇಷ್ಟೇ.

ಫೋನು ಟವರಿನಿಂದ ಪಡೆದುದನ್ನು ವೈಫೈ ಅಲೆಗಳ ಮೂಲಕ ಸಮೀಪದ ಲ್ಯಾಪ್‌ಟಾಪಿಗೆ ದಾಟಿಸುತ್ತದೆ. ಫೋನಿನ ಸೆಟ್ಟಿಂಗ್ಸಿನಲ್ಲಿ ಹಾಟ್‌ಸ್ಪಾಟನ್ನು ತೆರೆದು, ಅಲ್ಲಿ ತೋರುವ ಹೆಸರನ್ನು ಲ್ಯಾಪ್‌ಟಾಪಿನಲ್ಲಿ ಆರಿಸಿ, ಪಾಸ್‌ವರ್ಡ್ ಬರೆದರಾಯಿತು. ಯುಎಸ್‌ಬಿ ತಂತಿಯಿಂದಲೂ ಜೋಡಿಸಬಹುದು. ಆಗ ಫೋನಿನ ಬ್ಯಾಟರಿ ಬೇಗನೆ ಬರಿದಾಗದು.

ಆದರೆ ಲ್ಯಾಪ್‌ಟಾಪಿನ ದಾಹವು ದೊಡ್ಡದು. ಯಾರೂ ಕೇಳದಿದ್ದರೂ ಅದು ತನ್ನ ತಂತ್ರಾಂಶದ ನವೀಕರಣಗಳನ್ನು ಮೌನವಾಗಿ ಇಳಿಸಿಕೊಳ್ಳತೊಡಗುತ್ತದೆ. ದಿನಕ್ಕೆ 2 ಜಿಬಿ ಮಿತಿಯ ರೀಚಾರ್ಜಿರುವ ಮನೆಯಲ್ಲಿ ಅದೆಲ್ಲವೂ ಮಧ್ಯಾಹ್ನಕ್ಕೇ ತೀರಬಹುದು; ಸಂಜೆ ಮಗಳು ಕಡೆಯ ದಿನದ ಕಾಲೇಜು ಅರ್ಜಿಯನ್ನು ಕಳಿಸಲು ಕುಳಿತರೆ ಪುಟವೇ ತೆರೆಯದು. ವರ್ಷವೊಂದು ವ್ಯರ್ಥವಾಗಲು ಇಷ್ಟು ಸಾಕು. ಆದುದರಿಂದ ವಿಂಡೋಸಿನಲ್ಲಿ ಆ ಸಂಪರ್ಕವನ್ನು ‘ಮೀಟರ್ಡ್’ ಎಂದು ಗುರುತಿಸಿಡಬೇಕು. ಬಹುಪಾಲು ನವೀಕರಣಗಳು ಆಗ ತಡೆದು ನಿಲ್ಲುವವು. ಪಾಸ್‌ವರ್ಡು ಊಹೆಗೆ ನಿಲುಕದಂತಿರಲಿ. ಕೆಲಸ ಮುಗಿದೊಡನೆ ಹಾಟ್‌ಸ್ಪಾಟನ್ನು ಮುಚ್ಚಲಿ.

ಸಂಸ್ಕೃತದಲ್ಲಿ ‘ಸಂವಿಭಾಗ’ವೆಂದರೆ ಸರಿಯಾಗಿ ಪಾಲುಮಾಡಿ ಕೊಡುವುದು. ಅದು ಗೃಹಸ್ಥನ ಗುಣಗಳಲ್ಲೊಂದು. ಒಂದೇ ಫೋನಿನಿಂದ ಸಂಸಾರವೆಲ್ಲ ನಡೆಯುವ ಮನೆಯಲ್ಲಿ, ಯಾರ ಕೆಲಸಕ್ಕೆ ಯಾವ ಹೊತ್ತು ಎಂಬುದನ್ನು ಹಿರಿಯರು ಬೆಳಿಗ್ಗೆಯೇ ಗೊತ್ತುಪಡಿಸುವುದು ಲೇಸು. ಓದುವ ಮಕ್ಕಳ ಪಾಲು ಮೊದಲಿನದಾಗಿರಲಿ.